ಜೂನೊ: ಮದುವೆಯ ದೇವಿಯೋ, ಮದುವೆಯಾದವಳ ದೇವಿಯೋ?

ರೋಮ್‌ನ ಎರಡನೇ ದೊರೆ ನ್ಯೂಮಾನ ಹೆಸರಿನಲ್ಲಿ ಒಂದು ಹಳೆಯ ಕಟ್ಟಳೆ ಉಳಿದುಕೊಂಡಿದೆ. ಮನೆಯಲ್ಲಿ ಹೆಂಡತಿ ಇರುವ ಗಂಡಸಿನ ಜೊತೆ ಬಾಳುವೆ ಮಾಡುವ ಇನ್ನೊಬ್ಬಳು ಜೂನೊ ದೇವಿಯ ಬಲಿಪೀಠವನ್ನು ಮುಟ್ಟಕೂಡದು. ಮುಟ್ಟಿದರೆ ತಲೆಗೂದಲು ಬಿಚ್ಚಿಕೊಂಡು, ಒಂದು ಹೆಣ್ಣು ಕುರಿಮರಿಯನ್ನು ದೇವಿಗೆ ಬಲಿ ಕೊಡಬೇಕು. ಕಟ್ಟಳೆ ಇಷ್ಟೇ. ಗಂಡಸಿಗೆ ಏನು ಶಿಕ್ಷೆ ಎಂದು ಹುಡುಕಲು ಹೋಗಬೇಡಿ, ಅದರಲ್ಲಿ ಇಲ್ಲ.

ಜೂನೊ ಅಂದರೆ ರೋಮನ್ನರ ಮದುವೆಯ ದೇವಿ ಎಂದು ಒಂದೇ ಮಾತಿನಲ್ಲಿ ಪರಿಚಯ ಮುಗಿಸುವುದು ರೂಢಿ. ಹಾಗೆಂದ ಕೂಡಲೇ ಪ್ರೀತಿ, ಒಲವು, ಸಂಸಾರದ ಸುಖ ಎಲ್ಲ ನೆನಪಾಗುತ್ತವೆ. ಆದರೆ ಅದು ಅವಳ ಇಲಾಖೆಯೇ ಅಲ್ಲ. ಪ್ರೀತಿ, ಕಾಮಗಳನ್ನು ನೋಡಿಕೊಳ್ಳಲು ವೀನಸ್ ಇದ್ದಳು. ಜೂನೊ ಕಾಯುತ್ತಿದ್ದದ್ದು ಮದುವೆಯಾದ ಹೆಣ್ಣಿನ ಸ್ಥಾನವನ್ನು: ಅವಳ ಮನೆ, ಅವಳ ಬಸಿರು, ಅವಳ ಮಕ್ಕಳು, ಅವಳಿಗೆ ಸಲ್ಲಬೇಕಾದ ಮರ್ಯಾದೆ. ಈ ಎಳೆ ಹಿಡಿದುಕೊಂಡು ಹೋದರೆ ಅವಳ ಸುತ್ತ ಇರುವ ಎಷ್ಟೋ ಗೋಜಲು ಬಿಡಿಸಿಕೊಳ್ಳುತ್ತದೆ. ಮದುವೆಯ ದೇವಿಯ ಕೈಯಲ್ಲಿ ಈಟಿ ಯಾಕೆ? ಅವಳ ಗುಡಿಯ ಬಳಿ ನಾಣ್ಯ ಯಾಕೆ ಅಚ್ಚು ಹಾಕುತ್ತಿದ್ದರು? ರೋಮನ್ನರ ದೇವಿಯೇ ರೋಮ್ ಹುಟ್ಟದಂತೆ ಅಡ್ಡಗಾಲು ಹಾಕಿದ್ದು ಯಾಕೆ?

ಕತೆಗಳ ಜೂನೊ

ಮೊದಲು ಅವಳ ಕುಟುಂಬ. ಜೂನೊ ಸ್ಯಾಟರ್ನ್ ದೇವರ ಮಗಳು. ದೇವರಾಜ ಜುಪಿಟರ್‌ಗೆ ಸೋದರಿಯೂ ಹೌದು, ಹೆಂಡತಿಯೂ ಹೌದು. ಯುದ್ಧದ ದೇವರು ಮಾರ್ಸ್, ಕಮ್ಮಾರ ದೇವರು ವಲ್ಕನ್ ಅವಳ ಮಕ್ಕಳು. ರೋಮ್‌ನ ಕ್ಯಾಪಿಟೊಲೈನ್ ಗುಡ್ಡದ ದೊಡ್ಡ ಗುಡಿಯಲ್ಲಿ ಮೂರು ಗರ್ಭಗುಡಿಗಳಿದ್ದವು. ನಡುವೆ ಜುಪಿಟರ್, ಅತ್ತಿತ್ತ ಜೂನೊ ಮತ್ತು ಮಿನರ್ವಾ. ರೋಮನ್ನರ ಲೆಕ್ಕದಲ್ಲಿ ಆ ಗುಡಿಯ ಪ್ರತಿಷ್ಠೆ ಆದದ್ದು ಕ್ರಿ.ಪೂ. 509ರಲ್ಲಿ, ರಾಜರನ್ನು ಓಡಿಸಿ ಗಣರಾಜ್ಯ ಶುರು ಮಾಡಿದ ಹೊತ್ತಿನಲ್ಲಿ. ಅಂದರೆ ಜೂನೊ ಬರೀ ಮನೆಯೊಳಗಿನ ದೇವತೆ ಅಲ್ಲ, ರಾಜ್ಯವನ್ನು ಕಾಯುವ ಮೂವರಲ್ಲಿ ಒಬ್ಬಳು.

ಅವಳ ಬಗ್ಗೆ ನಾವು ಕೇಳಿರುವ ಕತೆಗಳು ಮಾತ್ರ ಬೇರೆಯೇ ತರಹದವು. ಅವುಗಳಲ್ಲಿ ಹೆಚ್ಚಿನವು ಮೂಲದಲ್ಲಿ ಗ್ರೀಕರ ಹೇರಾ ದೇವಿಯ ಕತೆಗಳು. ರೋಮನ್ನರು ಹೇರಾಳನ್ನೂ ಜೂನೊಳನ್ನೂ ಒಬ್ಬಳೇ ಎಂದು ಭಾವಿಸಿದ ಮೇಲೆ ಕತೆಗಳೂ ಇವಳ ಹೆಸರಿಗೆ ಬಂದವು. ಕವಿ ಓವಿಡ್ ಅವನ್ನು ಎಷ್ಟು ಸೊಗಸಾಗಿ ಹೇಳಿದ ಅಂದರೆ ಇವತ್ತಿಗೂ ಜೂನೊ ಅಂದರೆ ಅವನ ಜೂನೊಳೇ ಕಣ್ಣಮುಂದೆ ಬರುವುದು.

ಇಯೊ ಎಂಬ ಹುಡುಗಿಯ ಕತೆ ನೋಡಿ. ಜುಪಿಟರ್ ಅವಳ ಹಿಂದೆ ಬಿದ್ದ. ಯಾರಿಗೂ ಕಾಣದಿರಲಿ ಎಂದು ಮೋಡ ಕವಿಸಿದ. ಹಾಡುಹಗಲಿನಲ್ಲಿ ಒಂದೇ ಕಡೆ ಮೋಡ ಯಾಕೆ ಎಂದು ಜೂನೊಗೆ ಅನುಮಾನ ಬಂತು. ಅವಳು ಕೆಳಗಿಳಿದು ಮೋಡ ಸರಿಸುವಷ್ಟರಲ್ಲಿ ಗಂಡ ಇಯೊಳನ್ನು ಬಿಳಿ ಕಡಸಾಗಿ ಮಾಡಿಬಿಟ್ಟಿದ್ದ. ಜೂನೊ ಏನೂ ಗೊತ್ತಿಲ್ಲದವಳಂತೆ ಕಡಸನ್ನು ಉಡುಗೊರೆಯಾಗಿ ಕೇಳಿದಳು. ಕೊಡುವುದಿಲ್ಲ ಎಂದರೆ ಗುಟ್ಟು ರಟ್ಟಾಗುತ್ತದೆ. ಕೊಟ್ಟ. ಅವಳು ಅದರ ಕಾವಲಿಗೆ ನೂರು ಕಣ್ಣಿನ ಆರ್ಗಸ್‌ನನ್ನು ನಿಲ್ಲಿಸಿದಳು. ಜುಪಿಟರ್ ದೇವದೂತ ಮರ್ಕ್ಯುರಿಯನ್ನು ಕಳಿಸಿ ಆರ್ಗಸ್‌ನನ್ನು ಕೊಲ್ಲಿಸಿದಾಗ, ಆ ನೂರು ಕಣ್ಣುಗಳನ್ನು ತೆಗೆದು ತನ್ನ ನವಿಲಿನ ಗರಿಗಳಲ್ಲಿ ಕೂರಿಸಿದಳು. ಗುರುಗ್ರಹದ ಮೋಡಗಳಾಚೆ ಇಣುಕಲು ನಾಸಾ 2011ರಲ್ಲಿ ಹಾರಿಸಿದ ನೌಕೆಗೆ ಜೂನೊ ಎಂದು ಹೆಸರಿಟ್ಟದ್ದು ಇದೇ ಕತೆಯ ನೆನಪಿನಲ್ಲಿ. ಗುರುಗ್ರಹ ಅಂದರೆ ಅವರಿಗೆ ಜುಪಿಟರ್. ಹೆಂಡತಿ ಹೆಸರಿನ ನೌಕೆ 2016ರ ಜುಲೈನಲ್ಲಿ ಅವನ ಸುತ್ತ ಸುತ್ತಲು ಶುರು ಮಾಡಿತು. ವಿಜ್ಞಾನಿಗಳಿಗೂ ತಮಾಷೆ ಗೊತ್ತು ಅನ್ನಿ.

ಉಳಿದ ಕತೆಗಳೂ ಹೆಚ್ಚುಕಡಿಮೆ ಇದೇ ದಾರಿಯವು. ಜುಪಿಟರ್ ಕಣ್ಣಿಗೆ ಬಿದ್ದ ಕ್ಯಾಲಿಸ್ಟೊ ಜೂನೊಳ ಸಿಟ್ಟಿಗೆ ಕರಡಿಯಾದಳು. ಅವನ ಇನ್ನೊಬ್ಬ ಪ್ರೇಯಸಿ ಸೆಮೆಲೆ ಜೂನೊಳ ಮಾತಿಗೆ ಮರುಳಾಗಿ, ಜುಪಿಟರ್‌ನ ನಿಜರೂಪ ನೋಡಬೇಕೆಂದು ಹಟ ಹಿಡಿದು ಸುಟ್ಟುಹೋದಳು. ಜುಪಿಟರ್ ಜೊತೆಗಿದ್ದ ವನದೇವತೆಯರು ತಪ್ಪಿಸಿಕೊಳ್ಳಲಿ ಎಂದು ಜೂನೊಳನ್ನು ಮಾತಿನಲ್ಲಿ ತಡೆದು ನಿಲ್ಲಿಸುತ್ತಿದ್ದ ಎಕೊ ಸ್ವಂತ ಮಾತನ್ನೇ ಕಳೆದುಕೊಂಡಳು. ತಪ್ಪು ಗಂಡನದು, ಏಟು ಹೆಣ್ಣಿಗೆ.

ಹೊಟ್ಟೆಕಿಚ್ಚಿನ ಹೆಂಗಸು ಎಂದು ನಕ್ಕು ಮುಂದೆ ಹೋಗುವುದು ಸುಲಭ. ನನಗೆ ಅದು ಅರ್ಧ ಓದು ಅನ್ನಿಸುತ್ತದೆ. ನ್ಯೂಮಾನ ಕಟ್ಟಳೆಯನ್ನು ಈ ಕತೆಗಳ ಪಕ್ಕ ಇಟ್ಟು ನೋಡಿ. ಅಲ್ಲೂ ಗಂಡಸು ಲೆಕ್ಕಕ್ಕಿಲ್ಲ. ರೋಮನ್ ಕಾನೂನಿನಲ್ಲಿ ಹೆಂಡತಿ ಬೇರೆಯವನ ಜೊತೆ ಹೋದರೆ ಅದು ಅಪರಾಧ. ಗಂಡ ತನ್ನ ದಾಸಿಯ ಜೊತೆಗೋ ವೇಶ್ಯೆಯ ಜೊತೆಗೋ ಇದ್ದರೆ ಅದು ವ್ಯಭಿಚಾರ ಎನಿಸಿಕೊಳ್ಳುತ್ತಲೇ ಇರಲಿಲ್ಲ. ಗಂಡನ ಮೇಲೆ ಕೈಮಾಡುವ ದಾರಿಯೇ ಇಲ್ಲದ ಹೆಂಡತಿ ಏನು ಮಾಡಬಲ್ಲಳು? ತನ್ನ ಜಾಗಕ್ಕೆ ಇನ್ನೊಬ್ಬಳು ಬರದಂತೆ ಕಾಯಬಲ್ಲಳು. ದೇವರಾಣಿಯ ಸಿಟ್ಟು ಕೂಡ ಅದೇ ಕಾಲುವೆಯಲ್ಲಿ ಹರಿಯಿತು. ಅದು ನ್ಯಾಯ ಅಂತ ನಾನು ಹೇಳುತ್ತಿಲ್ಲ. ಆ ಸಮಾಜದ ಲೆಕ್ಕ ಹಾಗಿತ್ತು, ಅಷ್ಟೇ.

ಪ್ರತಿ ಹೆಣ್ಣಿಗೂ ಒಬ್ಬ ಜೂನೊ

ಪೂಜೆಯಲ್ಲಿದ್ದ ಜೂನೊಗೂ ಕತೆಯ ಜೂನೊಗೂ ಬಹಳ ಅಂತರ. ರೋಮನ್ನರ ಹಳೆಯ ದೇವರುಗಳಿಗೆ ಕತೆಗಳು ಕಡಿಮೆ, ಕೆಲಸಗಳು ಜಾಸ್ತಿ. ಒಂದು ದೇವರನ್ನು ತಿಳಿಯಬೇಕಾದರೆ ಯಾವ ದಿನ, ಯಾರು, ಯಾತಕ್ಕೆ ಕರೆಯುತ್ತಿದ್ದರು ಎಂದು ನೋಡಬೇಕು.

ಗಂಡಸು ಹುಟ್ಟುವಾಗ ಅವನ ಜೊತೆಗೇ ಹುಟ್ಟುವ ಒಂದು ದೈವಶಕ್ತಿ ಇರುತ್ತದೆ ಎಂದು ರೋಮನ್ನರು ನಂಬಿದ್ದರು. ಅದನ್ನು ಜೀನಿಯಸ್ ಎನ್ನುತ್ತಿದ್ದರು. ಹೆಣ್ಣಿನ ಜೊತೆ ಹುಟ್ಟುವ ಅಂಥದೇ ಶಕ್ತಿಯ ಹೆಸರು ಜೂನೊ. ಹುಟ್ಟುಹಬ್ಬದ ದಿನ ಗಂಡಸು ತನ್ನ ಜೀನಿಯಸ್‌ಗೆ, ಹೆಂಗಸು ತನ್ನ ಜೂನೊಗೆ ಧೂಪ, ರೊಟ್ಟಿ, ದ್ರಾಕ್ಷಾರಸ ಅರ್ಪಿಸುತ್ತಿದ್ದರು. ಹೆಂಗಸರು ಆಣೆ ಇಡುವಾಗಲೂ 'ನನ್ನ ಜೂನೊ ಆಣೆ' ಎನ್ನುವುದಿತ್ತು. ಗುಡ್ಡದ ಮೇಲೆ ಕೂತ ದೊಡ್ಡ ದೇವಿಯೂ, ಒಬ್ಬೊಬ್ಬ ಹೆಂಗಸಿನ ಜೊತೆಗಿರುವ ಪುಟ್ಟ ದೈವವೂ ಒಂದೇ ಹೆಸರಿನವು.

ತಿಂಗಳ ಮೊದಲ ದಿನಗಳೆಲ್ಲ ಜೂನೊಗೆ ಮೀಸಲು. ತಿಂಗಳ ನಡುವಿನ ದಿನ, ಅಂದರೆ ಹಿಂದೆ ಹುಣ್ಣಿಮೆಯ ಲೆಕ್ಕಕ್ಕೆ ಬರುತ್ತಿದ್ದ ದಿನ, ಜುಪಿಟರ್‌ನದು. ತಿಂಗಳು ಹುಟ್ಟಿದ ದಿನ ಅರ್ಚಕನೊಬ್ಬ ಕ್ಯಾಪಿಟೊಲೈನ್ ಮೇಲೆ ನಿಂತು ಜೂನೊಳ ಹೆಸರನ್ನು ಐದು ಸಲವೋ ಏಳು ಸಲವೋ ಕೂಗಿ, ಮುಂದಿನ ಮುಖ್ಯ ದಿನಕ್ಕೆ ಎಷ್ಟು ದಿನ ಉಳಿದಿದೆ ಎಂದು ಜನರಿಗೆ ತಿಳಿಸುತ್ತಿದ್ದ. ಏನೇ ಹುಟ್ಟಿದರೂ, ಅದು ಮಗುವಾಗಲಿ ತಿಂಗಳಾಗಲಿ, ಅಲ್ಲಿ ಅವಳು ಇರಬೇಕು.

ಜುಪಿಟರ್‌ನ ಮುಖ್ಯ ಅರ್ಚಕನ ಪದ್ಧತಿ ಇನ್ನೂ ಕುತೂಹಲದ್ದು. ಅವನಿಗೆ ಹೆಂಡತಿ ಇರಲೇಬೇಕು. ಅವಳಿಗೆ ವಿಚ್ಛೇದನ ಕೊಡುವಂತಿಲ್ಲ. ಅವಳು ಸತ್ತರೆ ಅವನು ಹುದ್ದೆ ಬಿಡಬೇಕು. ಆ ಅರ್ಚಕನ ಹೆಂಡತಿಗೆ ಫ್ಲಾಮಿನಿಕಾ ಎಂದು ಹೆಸರು. ಅವಳನ್ನು ಜೂನೊಳ ಅರ್ಚಕಿ ಎಂದು ಗ್ರೀಕ್ ಲೇಖಕ ಪ್ಲೂಟಾರ್ಕ್ ಹೇಳುತ್ತಾನೆ. ಮೇಲೆ ದೇವರ ಜೋಡಿಯ ಸಂಸಾರ ಹೇಗೇ ಇರಲಿ, ಕೆಳಗೆ ಅವರ ಪ್ರತಿನಿಧಿಗಳ ಸಂಸಾರ ಮುರಿಯುವಂತಿರಲಿಲ್ಲ.

ಮದುವೆಯ ದಿನ

ರೋಮನ್ ಕಾನೂನಿನ ಪ್ರಕಾರ ಮದುವೆಗೆ ಬೇಕಾದದ್ದು ಒಪ್ಪಿಗೆ. ಶಾಸ್ತ್ರ ಮಾಡದಿದ್ದರೂ ಮದುವೆ ಊರ್ಜಿತ. ಹೆಣ್ಣಿಗೆ ಕನಿಷ್ಠ 12 ವರ್ಷ ಆಗಿರಬೇಕಿತ್ತು. ಇವತ್ತು ಓದುವಾಗ ಸಂಕಟವಾಗುತ್ತದೆ, ಆದರೆ ಅದು ನಿಜ. ಕಾನೂನಿಗೆ ಬೇಡವಾದರೂ ಜನರಿಗೆ ಶಾಸ್ತ್ರ ಬೇಕಿತ್ತು. ಆ ಶಾಸ್ತ್ರಗಳ ಒಂದೊಂದು ಹೆಜ್ಜೆಯಲ್ಲೂ ಜೂನೊಗೆ ಒಂದೊಂದು ಹೆಸರು.

ಮದುಮಗಳ ತಲೆ ಬಾಚುವುದರಿಂದ ನೋಡೋಣ. ಬಾಚಣಿಗೆ ಬದಲು ಈಟಿಯ ಮೊನೆಯಿಂದ ಬೈತಲೆ ತೆಗೆದು ಕೂದಲನ್ನು ಆರು ಎಳೆ ಮಾಡುತ್ತಿದ್ದರು. ಯಾಕೆ ಈಟಿ? ರೋಮನ್ನರೇ ನಾಲ್ಕಾರು ಕಾರಣ ಹೇಳುತ್ತಿದ್ದರು. ಅದರಲ್ಲೊಂದು: ಮದುವೆಯಾದ ಹೆಂಗಸರನ್ನು ಕಾಯುವವಳು ಜೂನೊ ಕ್ಯೂರಿಟಿಸ್, ಅಂದರೆ ಈಟಿಯ ಜೂನೊ. ಆಮೇಲೆ ಬೆಂಕಿ ಬಣ್ಣದ ಮುಸುಕು. ಅದು ಫ್ಲಾಮಿನಿಕಾ ಸದಾ ಹೊದೆಯುತ್ತಿದ್ದ ಮುಸುಕು. ಎಂದೂ ವಿಚ್ಛೇದನವಾಗದ ಆ ಹೆಂಗಸಿನ ಬಟ್ಟೆ ಮದುಮಗಳಿಗೆ ಶುಭ ಎಂದು ಎಣಿಸಿದ್ದರು. ಸೊಂಟಕ್ಕೆ ಉಣ್ಣೆಯ ಪಟ್ಟಿ, ಅದಕ್ಕೆ ಹರ್ಕ್ಯುಲಿಸ್ ಗಂಟು. ಆ ಗಂಟನ್ನು ಗಂಡನೇ ಬಿಚ್ಚಬೇಕು. ಪಟ್ಟಿಯನ್ನು ಕಾಯುವವಳು ಜೂನೊ ಸಿಂಕ್ಸಿಯಾ. ಇಲ್ಲೊಂದು ವಿಚಿತ್ರವಿದೆ: ಹರ್ಕ್ಯುಲಿಸ್ ಜುಪಿಟರ್‌ಗೆ ಬೇರೆ ಹೆಣ್ಣಿನಲ್ಲಿ ಹುಟ್ಟಿದ ಮಗ, ಜೂನೊಳ ಕಡುವೈರಿ. ಆದರೂ ಅವನಿಗೆ ಎಪ್ಪತ್ತು ಮಕ್ಕಳಂತೆ, ಹಾಗಾಗಿ ಅವನ ಹೆಸರಿನ ಗಂಟು ಒಳ್ಳೆಯದಂತೆ. ಜಾನಪದಕ್ಕೆ ಪುರಾಣದ ಜಗಳಗಳ ಹಂಗಿಲ್ಲ.

ಗಂಡು ಹೆಣ್ಣುಗಳ ಬಲಗೈಗಳನ್ನು ಕೂಡಿಸುವವಳು ಒಬ್ಬ ಮುತ್ತೈದೆ. ಅವಳು ಒಂದೇ ಸಲ ಮದುವೆಯಾದವಳಾಗಿರಬೇಕು. ಅವಳನ್ನು ಪ್ರೋನುಬಾ ಎಂದು ಕರೆಯುತ್ತಿದ್ದರು. ಜೂನೊಗೂ ಅದೇ ಬಿರುದು, ಜೂನೊ ಪ್ರೋನುಬಾ. ಆ ಹೊತ್ತಿನಲ್ಲಿ ಆ ಮುತ್ತೈದೆಯದೂ ದೇವಿಯದೂ ಒಂದೇ ಕೆಲಸ. ರೋಮನ್ನರ ಕಲ್ಲಿನ ಶವಪೆಟ್ಟಿಗೆಗಳ ಮೇಲೆ ಗಂಡಹೆಂಡತಿ ಕೈ ಹಿಡಿದು ನಿಂತ ಕೆತ್ತನೆಗಳು ಬಹಳ ಇವೆ. ಇಬ್ಬರ ನಡುವೆ, ಸ್ವಲ್ಪ ಹಿಂದೆ, ಇಬ್ಬರ ಭುಜದ ಮೇಲೂ ಕೈಯಿಟ್ಟು ನಿಂತ ಹೆಂಗಸೊಬ್ಬಳು ಇರುತ್ತಾಳೆ. ಅದು ಜೂನೊ ಎಂದು ಕೆಲವರು, ಹೊಂದಾಣಿಕೆಯ ದೇವಿ ಕಾನ್ಕಾರ್ಡಿಯಾ ಎಂದು ಕೆಲವರು.

ಸಂಜೆಗೆ ದಿಬ್ಬಣ. ತಂದೆತಾಯಿ ಇಬ್ಬರೂ ಬದುಕಿರುವ ಮೂವರು ಹುಡುಗರು ಬೇಕು. ಇಬ್ಬರು ಮದುಮಗಳ ಕೈ ಹಿಡಿಯುತ್ತಾರೆ, ಮೂರನೆಯವನು ಪಂಜು ಹಿಡಿಯುತ್ತಾನೆ. ದಾರಿಯುದ್ದಕ್ಕೂ ಪೋಲಿ ಹಾಡು, ಕೂಗಾಟ, ಮಕ್ಕಳಿಗೆ ಎರಚುವ ಕಾಯಿಬೀಜಗಳು. ಹೀಗೆ ದಾರಿಯಲ್ಲಿ ಕರೆದೊಯ್ಯುವವಳು ಜೂನೊ ಇಟರ್‌ಡೂಕಾ, ಮನೆ ಮುಟ್ಟಿಸುವವಳು ಜೂನೊ ಡೊಮಿಡೂಕಾ. ಗಂಡನ ಮನೆಯ ಬಾಗಿಲಿಗೆ ಬಂದ ಮೇಲೆ ಮದುಮಗಳು ಬಾಗಿಲ ಕಂಬಗಳಿಗೆ ಉಣ್ಣೆ ಕಟ್ಟಿ ಕೊಬ್ಬು ಸವರುತ್ತಾಳೆ. ಅದನ್ನು ನೋಡಿಕೊಳ್ಳುವವಳು ಜೂನೊ ಉಂಕ್ಸಿಯಾ. ಹೊಸ್ತಿಲನ್ನು ಅವಳು ತುಳಿಯಬಾರದು, ಎತ್ತಿ ದಾಟಿಸುತ್ತಾರೆ. ಒಳಗೆ ಗಂಡ ನೀರು ಮತ್ತು ಬೆಂಕಿ ಕೊಟ್ಟು ಬರಮಾಡಿಕೊಳ್ಳುತ್ತಾನೆ. ಅಲ್ಲಿಂದ ಅವಳು ಆ ಮನೆಯವಳು.

ಹೆಜ್ಜೆಗೊಂದು ದೇವರನ್ನು ಇಟ್ಟುಕೊಂಡಿದ್ದನ್ನು ಕ್ರೈಸ್ತ ಸಂತ ಆಗಸ್ಟೀನ್ ಐದನೇ ಶತಮಾನದಲ್ಲಿ ಚೆನ್ನಾಗಿ ಗೇಲಿ ಮಾಡಿದ್ದಾನೆ. ಮನೆಗೆ ಕರೆತರಲು ಒಬ್ಬ ದೇವರು, ಮನೆಯಲ್ಲಿ ಇರಿಸಲು ಇನ್ನೊಬ್ಬ, ಗಂಡನ ಜೊತೆ ಉಳಿಸಲು ಮತ್ತೊಬ್ಬಳು. ಸಾಲದ್ದಕ್ಕೆ ಮಲಗುವ ಕೋಣೆಯ ತುಂಬ ಬೇರೆ ದೇವರುಗಳು. ಇಷ್ಟು ಜನ ಅಲ್ಲಿ ನೆರೆದಿದ್ದರೆ ಪಾಪ ಮದುಮಗಳ ನಾಚಿಕೆ ಏನಾಗಬೇಕು ಎಂಬುದು ಅವನ ಧಾಟಿ. ಗೇಲಿ ಏನೋ ಚುರುಕಾಗಿದೆ. ಆದರೆ ಹನ್ನೆರಡು, ಹದಿಮೂರು ವರ್ಷದ ಹುಡುಗಿ ರಾತ್ರಿ ಹೊತ್ತು ಅಪರಿಚಿತ ಮನೆಗೆ ಹೋಗುತ್ತಿದ್ದಾಳೆ ಎಂದು ನೆನೆಸಿಕೊಂಡರೆ, ಹೆಜ್ಜೆಗೊಂದು ಕಾವಲು ಬೇಕು ಅಂದುಕೊಂಡವರ ಮನಸ್ಸೂ ಅರ್ಥವಾಗುತ್ತದೆ.

ಜೂನ್ ಮದುವೆಯ ತಿಂಗಳಾ?

ಜೂನ್ ತಿಂಗಳಿಗೆ ಜೂನೊಳ ಹೆಸರು, ಆದ್ದರಿಂದ ಜೂನ್‌ನಲ್ಲಿ ಮದುವೆಯಾದರೆ ಶುಭ ಎಂಬ ಮಾತನ್ನು ಎಲ್ಲ ಕಡೆ ಓದುತ್ತೇವೆ. ವಿಷಯ ಅಷ್ಟು ಸರಳವಿಲ್ಲ. ಹೆಸರಿನ ಬಗ್ಗೆ ರೋಮನ್ನರಲ್ಲೇ ಒಮ್ಮತ ಇರಲಿಲ್ಲ. ಹಬ್ಬಹರಿದಿನಗಳ ಮೇಲೆ ಬರೆದ ಕಾವ್ಯದಲ್ಲಿ ಓವಿಡ್ ಮೂವರು ದೇವಿಯರನ್ನು ಕರೆತಂದು 'ಇದು ನನ್ನ ತಿಂಗಳು' ಎಂದು ಜಗಳ ಮಾಡಿಸುತ್ತಾನೆ. ಮೊದಲನೆಯವಳು ಜೂನೊ. ತೀರ್ಪು ಹೇಳದೆ ಅವನು ಮೆಲ್ಲಗೆ ಜಾರಿಕೊಳ್ಳುತ್ತಾನೆ. ಸುಮ್ನೆ ಯಾಕೆ ದೇವಿಯರನ್ನು ಎದುರು ಹಾಕಿಕೊಳ್ಳಬೇಕು, ಅಲ್ವಾ.

ಅದೇ ಕಾವ್ಯದಲ್ಲಿ ಅವನ ಮಗಳ ಮದುವೆಯ ಪ್ರಸ್ತಾಪ ಬರುತ್ತದೆ. ಯಾವ ದಿನ ಒಳ್ಳೆಯದು ಎಂದು ಅವನು ಫ್ಲಾಮಿನಿಕಾಳನ್ನು ವಿಚಾರಿಸಿದ. ಜೂನ್ ನಡುವಿನವರೆಗೆ ಬೇಡ ಎಂದಳು. ವೆಸ್ಟಾ ದೇವಿಯ ಗುಡಿಯನ್ನು ಗುಡಿಸಿ ಕಸವನ್ನು ಟೈಬರ್ ನದಿಗೆ ಸಾಗಿಸುವುದು ಜೂನ್ 15ಕ್ಕೆ. ಅಲ್ಲಿಯವರೆಗೆ ತಾನೇ ತಲೆ ಬಾಚುವಂತಿಲ್ಲ, ಉಗುರು ತೆಗೆಯುವಂತಿಲ್ಲ, ಗಂಡನನ್ನು ಮುಟ್ಟುವಂತಿಲ್ಲ, ನಿನ್ನ ಮಗಳಿಗೂ ಆ ಮೇಲೆಯೇ ಒಳ್ಳೆಯದು ಎಂದಳು. ಮೇ ತಿಂಗಳಂತೂ ಪೂರ್ತಿ ವರ್ಜ್ಯ. ಮೇ 9, 11, 13ರಂದು ಮನೆಗೆ ಬರುವ ಸತ್ತವರ ಪ್ರೇತಗಳನ್ನು ಸಮಾಧಾನ ಮಾಡಿ ಕಳಿಸುವ ಶಾಸ್ತ್ರಗಳಿದ್ದವು. ನಮ್ಮ ಆಷಾಢದ ಹಾಗೆ ಆ ತಿಂಗಳು ಮದುವೆಯ ಮಾತೇ ಇಲ್ಲ. ಹಾಗಾಗಿ ಜೂನ್ ಅರ್ಧ ಕಳೆದ ಮೇಲೆ ಮದುವೆಗಳು ಸಾಲುಸಾಲಾಗಿ ನಡೆದಿರಬೇಕು. ಅದಕ್ಕೆ ಜೂನೊಳ ಕೃಪೆ ಎಷ್ಟು ಕಾರಣವೋ ಮೇ ತಿಂಗಳ ಪ್ರೇತಗಳೂ ಅಷ್ಟೇ ಕಾರಣ.

ಗಂಟು ಬಿಚ್ಚುವ ದೇವಿ

ರೋಮನ್ ಮದುವೆಯ ಉದ್ದೇಶವನ್ನು ಅವರು ಮುಚ್ಚಿಡದೆ ಹೇಳುತ್ತಿದ್ದರು: ಮಕ್ಕಳನ್ನು ಪಡೆಯಲು. ಆಸ್ತಿ ಮತ್ತು ಜನರ ಲೆಕ್ಕ ಬರೆಯುವ ಅಧಿಕಾರಿಗಳ ಮುಂದೆ ಗಂಡಸರು ಹಾಗೆಂದು ಪ್ರಮಾಣ ಮಾಡುತ್ತಿದ್ದರು. ಸ್ಪೂರಿಯಸ್ ಕಾರ್ವೀಲಿಯಸ್ ಎಂಬವನು ಕ್ರಿ.ಪೂ. ಮೂರನೇ ಶತಮಾನದಲ್ಲಿ ಹೆಂಡತಿಗೆ ಮಕ್ಕಳಾಗಲಿಲ್ಲ ಎಂದು ಅವಳನ್ನು ಬಿಟ್ಟ. ಅವಳ ಮೇಲೆ ಪ್ರೀತಿ ಇತ್ತಂತೆ, ಆದರೆ ಪ್ರಮಾಣ ಮಾಡಿದ್ದೆನಲ್ಲ ಎಂದನಂತೆ. ಜನ ಅವನನ್ನು ಮೆಚ್ಚಲಿಲ್ಲ.

ಹೆಣ್ಣಿನ ಸ್ಥಾನ ನಿಂತಿದ್ದೇ ಬಸಿರು ಬಾಣಂತನದ ಮೇಲೆ ಅಂದಮೇಲೆ ಅಲ್ಲಿ ಜೂನೊ ಇರಲೇಬೇಕು. ಹೆರಿಗೆಯ ಜೂನೊಗೆ ಲೂಸಿನಾ ಎಂದು ಹೆಸರು, ಮಗುವನ್ನು ಬೆಳಕಿಗೆ ತರುವವಳು. ಟೆರೆನ್ಸ್‌ನ ನಾಟಕಗಳಲ್ಲಿ ಹೆರಿಗೆ ನೋವು ತಿನ್ನುವ ಹೆಣ್ಣು ತೆರೆಮರೆಯಿಂದ 'ಜೂನೊ ಲೂಸಿನಾ, ಕಾಪಾಡು' ಎಂದು ಕೂಗುತ್ತಾಳೆ. ಅವಳ ಗುಡಿ ಎಸ್ಕ್ವಿಲೈನ್ ಗುಡ್ಡದಲ್ಲಿ ಕ್ರಿ.ಪೂ. 375ರಲ್ಲಿ ಆಯಿತು. ಅಲ್ಲಿಗೆ ಪೂಜೆಗೆ ಹೋಗುವ ಬಸುರಿ ತಲೆಗೂದಲು ಬಿಚ್ಚಿಕೊಂಡಿರಬೇಕು. ಎಲ್ಲಿಯಾದರೂ ಗಂಟು ಉಳಿದರೆ ಹೆರಿಗೆಗೆ ತಡೆ ಎಂಬ ನಂಬಿಕೆ. ಹರ್ಕ್ಯುಲಿಸ್ ಹುಟ್ಟುವಾಗ ಜೂನೊ ಇದೇ ನಂಬಿಕೆಯನ್ನು ತಿರುಗುಬಾಣ ಮಾಡಿದಳು ಎಂದು ಕತೆ. ಲೂಸಿನಾ ಬಾಗಿಲಲ್ಲಿ ಕಾಲ ಮೇಲೆ ಕಾಲು ಹಾಕಿ, ಬೆರಳಿಗೆ ಬೆರಳು ಹೆಣೆದು ಕೂತಳು. ಏಳು ದಿನ ಹೆರಿಗೆಯೇ ಆಗಲಿಲ್ಲ. ಕೊನೆಗೆ ದಾಸಿಯೊಬ್ಬಳು ಹೊರಗೆ ಬಂದು 'ಮಗು ಆಯ್ತು' ಎಂದು ಸುಳ್ಳು ಹೇಳಿದಳು. ಬೆಚ್ಚಿಬಿದ್ದ ದೇವಿ ಎದ್ದು ಕೈ ಬಿಟ್ಟಳು. ಗಂಟು ಬಿಚ್ಚಿತು, ಮಗು ಹುಟ್ಟಿತು. ಇಲ್ಲಿ ಓವಿಡ್ ಲೂಸಿನಾಳನ್ನು ಜೂನೊಳಿಂದ ಬೇರೆ ಮಾಡಿ, ಅವಳ ಮಾತು ಕೇಳುವವಳನ್ನಾಗಿ ತೋರಿಸಿದ್ದಾನೆ. ಪುರಾಣದಲ್ಲಿ ಇಂಥ ಒಡೆಯುವಿಕೆ, ಸೇರುವಿಕೆ ನಡೆಯುತ್ತಲೇ ಇರುತ್ತದೆ.

ದೊರೆ ಸರ್ವಿಯಸ್ ಟುಲಿಯಸ್ ಒಂದು ಜಾಣ ಏರ್ಪಾಡು ಮಾಡಿದ್ದನಂತೆ. ಮಗು ಹುಟ್ಟಿದಾಗ ಮನೆಯವರು ಲೂಸಿನಾಳ ಭಂಡಾರಕ್ಕೆ ಒಂದು ನಾಣ್ಯ ಹಾಕಬೇಕು. ಸತ್ತಾಗ ಶವಸಂಸ್ಕಾರದ ದೇವಿ ಲಿಬಿಟಿನಾಳ ಭಂಡಾರಕ್ಕೆ, ಹುಡುಗ ಪ್ರಾಯಕ್ಕೆ ಬಂದಾಗ ಯೌವನದ ದೇವಿಗೆ. ವರ್ಷದ ಕೊನೆಯಲ್ಲಿ ನಾಣ್ಯ ಎಣಿಸಿದರೆ ಊರಿನ ಜನನ ಮರಣಗಳ ಲೆಕ್ಕ ಸಿಕ್ಕಿತು.

ಲೂಸಿನಾಳ ಗುಡಿಯ ಹಬ್ಬ ಮಾರ್ಚ್ 1, ಮೇಟ್ರೊನೇಲಿಯಾ. ಅಂದು ಗಂಡಂದಿರು ಹೆಂಡತಿಯರಿಗೆ ಉಡುಗೊರೆ ಕೊಡಬೇಕು. ಮನೆಯೊಡತಿಯರು ತಮ್ಮ ದಾಸದಾಸಿಯರಿಗೆ ಊಟ ಹಾಕಬೇಕು. ಮಾರ್ಸ್ ಹುಟ್ಟಿದ ದಿನವೂ ಅದೇ ಎನ್ನುತ್ತಾರೆ. ಅದರ ಹಿಂದಿನ ಕತೆ ನನಗೆ ಬಹಳ ಇಷ್ಟ. ಜುಪಿಟರ್ ಹೆಂಡತಿಯ ಹಂಗಿಲ್ಲದೆ ಮಿನರ್ವಾಳನ್ನು ತನ್ನ ತಲೆಯಿಂದಲೇ ಹೆತ್ತ. ಜೂನೊಗೆ ಮೈ ಉರಿಯಿತು. ತಾನೂ ಗಂಡನಿಲ್ಲದೆ ಹೆರುತ್ತೇನೆ ಎಂದು ಹೊರಟಳು. ಹೂವಿನ ದೇವಿ ಫ್ಲೋರಾ ಜುಪಿಟರ್‌ಗೆ ಹೆದರುತ್ತಲೇ ಒಂದು ಹೂವಿನಿಂದ ಅವಳನ್ನು ಮುಟ್ಟಿದಳು. ಬಸಿರು ನಿಂತಿತು. ಹುಟ್ಟಿದವನು ಮಾರ್ಸ್. ರೋಮ್ ಕಟ್ಟಿದ ರೊಮ್ಯುಲಸ್‌ನ ಅಪ್ಪ ಇದೇ ಮಾರ್ಸ್. ಆ ಲೆಕ್ಕದಲ್ಲಿ ರೋಮನ್ನರಿಗೆಲ್ಲ ಜೂನೊ ಅಜ್ಜಿ.

ಮನೆಯಿಂದ ಊರಿಗೆ

ಲ್ಯಾನುವಿಯಮ್ ಎಂಬ ಪಕ್ಕದ ಊರಿನ ಜೂನೊ ಸೊಸ್ಪಿಟಾ ತಲೆಯ ಮೇಲೆ ಕೊಂಬಿನ ಸಮೇತ ಮೇಕೆಯ ಚರ್ಮ ಹೊದ್ದು, ಈಟಿ ಗುರಾಣಿ ಹಿಡಿದು ನಿಂತವಳು. ಅಲ್ಲಿ ವರ್ಷಕ್ಕೊಮ್ಮೆ ಕನ್ಯೆಯರನ್ನು ಹಾವಿನ ಗವಿಗೆ ಕಳಿಸುತ್ತಿದ್ದರು. ಕೊಟ್ಟ ರೊಟ್ಟಿಯನ್ನು ಹಾವು ತಿಂದರೆ ಹುಡುಗಿ ಶುದ್ಧ, ಬೆಳೆ ಚೆನ್ನ. ಕ್ರಿ.ಪೂ. 338ರಲ್ಲಿ ಆ ಊರಿನವರಿಗೆ ರೋಮ್ ಪೌರತ್ವ ಕೊಟ್ಟಾಗ ಹಾಕಿದ ಷರತ್ತು ಆ ದೇವಿಯ ಗುಡಿಯಲ್ಲಿ ರೋಮನ್ನರಿಗೂ ಪಾಲು ಇರಬೇಕು ಎಂಬುದು.

ಹೆಂಡತಿಯ ಸ್ಥಾನ ಕಾಯುವ ದೇವಿ ಊರನ್ನು ಯಾಕೆ ಕಾಯಬೇಕು? ರೋಮನ್ನರ ದೃಷ್ಟಿಯಲ್ಲಿ ಇವೆರಡೂ ಬೇರೆಯಲ್ಲ. ಸರಿಯಾಗಿ ಮದುವೆಯಾದ ಹೆಣ್ಣು ಹೆತ್ತ ಮಗ ಪೌರ, ಪೌರನೇ ಸೈನಿಕ. ಆ ಸರಪಳಿಯ ಮೊದಲ ಕೊಂಡಿ ಹೆಂಡತಿ.

ಜೂನೊಳನ್ನು ಶತ್ರುವಿನ ಊರಿನಿಂದ ಮನವೊಲಿಸಿ ಕರೆತಂದ ಪ್ರಸಂಗವೂ ಇದೆ. ಕ್ರಿ.ಪೂ. 396ರಲ್ಲಿ ಸೇನಾನಿ ಕಮಿಲಸ್ ಎಟ್ರುಸ್ಕನ್ನರ ವೇಯಿ ನಗರಕ್ಕೆ ಮುತ್ತಿಗೆ ಹಾಕಿದ್ದ. ಎಟ್ರುಸ್ಕನ್ನರು ಜೂನೊಳನ್ನು ಯೂನಿ ಎನ್ನುತ್ತಿದ್ದರು. ನಮ್ಮ ಊರಿಗೆ ಬಾ, ನಿನಗೆ ತಕ್ಕ ಗುಡಿ ಕಟ್ಟಿಸುತ್ತೇನೆ ಎಂದು ಅವನು ಹರಕೆ ಹೊತ್ತ. ಊರು ಬಿದ್ದ ಮೇಲೆ ಮಿಂದು ಮಡಿಯುಟ್ಟ ಹುಡುಗರು ವಿಗ್ರಹದ ಹತ್ತಿರ ಹೋದರು. ಒಬ್ಬ, ತಮಾಷೆಗೋ ಭಕ್ತಿಗೋ, 'ಜೂನೊ, ರೋಮ್‌ಗೆ ಬರುತ್ತೀಯಾ?' ಎಂದು ಕೇಳಿದ. ದೇವಿ ತಲೆಯಾಡಿಸಿದಳು ಎಂದು ಉಳಿದವರು ಕೂಗಿದರು. ಅವೆಂಟೈನ್ ಗುಡ್ಡದ ಮೇಲೆ ಜೂನೊ ರೆಜೀನಾ, ಅಂದರೆ ರಾಣಿ ಜೂನೊ, ನೆಲೆಸಿದ್ದು ಹೀಗೆ.

ಕೆಲವೇ ವರ್ಷಗಳಲ್ಲಿ, ಇತಿಹಾಸಕಾರ ಲಿವಿಯ ಲೆಕ್ಕದಂತೆ ಕ್ರಿ.ಪೂ. 390ರಲ್ಲಿ, ಗಾಲರು ರೋಮ್ ಹಿಡಿದರು. ಕ್ಯಾಪಿಟೊಲೈನ್ ಒಂದೇ ಉಳಿದಿತ್ತು. ಒಂದು ರಾತ್ರಿ ಅವರು ಸದ್ದಿಲ್ಲದೆ ಬಂಡೆ ಹತ್ತಿದರು. ನಾಯಿಗಳೂ ಬೊಗಳಲಿಲ್ಲ. ಹಸಿವಿನಲ್ಲೂ ಜನ ಕೊಯ್ದು ತಿನ್ನದೆ ಉಳಿಸಿದ್ದ ಜೂನೊಳ ಹೆಬ್ಬಾತುಗಳು ಗದ್ದಲ ಎಬ್ಬಿಸಿದವು. ಮಾರ್ಕಸ್ ಮ್ಯಾನ್ಲಿಯಸ್ ಎಚ್ಚರಗೊಂಡು ಮೊದಲು ಹತ್ತಿದವನನ್ನು ಕೆಳಗೆ ತಳ್ಳಿದ. ಆಮೇಲೆ ಆ ಗುಡ್ಡದಲ್ಲಿ, ಕ್ರಿ.ಪೂ. 344ರಲ್ಲಿ, ಎಚ್ಚರಿಸುವ ದೇವಿ ಜೂನೊ ಮೊನೆಟಾಳ ಗುಡಿ ಬಂತು. ಅದರ ಪಕ್ಕದಲ್ಲೇ ಟಂಕಸಾಲೆ. ಮೊನೆಟಾ ಎಂಬ ಹೆಸರೇ ಯುರೋಪಿನ ಭಾಷೆಗಳಲ್ಲಿ ದುಡ್ಡಿನ ಹೆಸರಾಯಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಬೆಂಗಳೂರಿನ ಯಶವಂತಪುರದಲ್ಲೂ ಆಗಸ್ಟಸ್, ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅವು ಜೂನೊಳ ಗುಡಿಯ ಬಳಿಯಿಂದಲೇ ಬಂದವು ಎಂದು ಹೇಳುವ ಆಸೆಯಾಗುತ್ತದೆ. ಆದರೆ ಆ ಹೊತ್ತಿಗೆ ಬೆಳ್ಳಿ ನಾಣ್ಯಗಳನ್ನು ಹೆಚ್ಚಾಗಿ ಅಚ್ಚು ಹಾಕುತ್ತಿದ್ದದ್ದು ಈಗಿನ ಫ್ರಾನ್ಸಿನ ಲಿಯೊನ್‌ನಲ್ಲಿ.

ಮನೆ ಮತ್ತು ಊರು ಹೇಗೆ ಹೆಣೆದುಕೊಂಡಿದ್ದವು ಎಂಬುದಕ್ಕೆ ಕ್ರಿ.ಪೂ. 207ರ ಘಟನೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ರೋಮ್‌ನ ಶತ್ರು, ಕಾರ್ತೇಜ್‌ನ ಸೇನಾನಿ ಹ್ಯಾನಿಬಲ್ ಇಟಲಿಯಲ್ಲೇ ಬೀಡುಬಿಟ್ಟಿದ್ದ. ಅವನ ತಮ್ಮ ಇನ್ನೊಂದು ಸೈನ್ಯ ತರುತ್ತಿದ್ದ. ಅಷ್ಟರಲ್ಲಿ ರೆಜೀನಾಳ ಗುಡಿಗೆ ಸಿಡಿಲು ಬಡಿಯಿತು. ಇದು ಗೃಹಿಣಿಯರಿಗೆ ಸಂಬಂಧಿಸಿದ ಅಪಶಕುನ ಎಂದರು ಶಕುನ ಹೇಳುವವರು. ರೋಮ್ ಮತ್ತು ಸುತ್ತ ಹತ್ತು ಮೈಲಿಯ ಒಳಗಿನ ಗೃಹಿಣಿಯರು ಸೇರಿ, ತಮ್ಮೊಳಗೆ 25 ಜನರನ್ನು ಆರಿಸಿ, ತವರಿನಿಂದ ತಂದ ವರದಕ್ಷಿಣೆಯಲ್ಲಿ ಪಾಲು ಕೂಡಿಸಿ, ದೇವಿಗೆ ಚಿನ್ನದ ಬೋಗುಣಿ ಮಾಡಿಸಿದರು. 27 ಕನ್ಯೆಯರು, ಕವಿ ಲಿವಿಯಸ್ ಆಂಡ್ರೊನಿಕಸ್ ಬರೆದ ಸ್ತುತಿಯನ್ನು ಹಾಡುತ್ತ ಮೆರವಣಿಗೆ ಹೊರಟರು. ಮುಂದೆ ಎರಡು ಬಿಳಿ ಹಸುಗಳು, ಅವುಗಳ ಹಿಂದೆ ಸೈಪ್ರಸ್ ಮರದಲ್ಲಿ ಕಡೆದ ಜೂನೊಳ ಎರಡು ವಿಗ್ರಹಗಳು. ಮಾರುಕಟ್ಟೆ ಚೌಕದಲ್ಲಿ ಎಲ್ಲರೂ ಒಂದೇ ಹಗ್ಗ ಹಿಡಿದು ತಾಳಕ್ಕೆ ಹೆಜ್ಜೆ ಹಾಕಿದರು. ಆ ವರ್ಷವೇ ಹ್ಯಾನಿಬಲ್‌ನ ತಮ್ಮ ಮೆಟೌರಸ್ ನದಿಯ ದಡದಲ್ಲಿ ಸೋತು ಸತ್ತ. ಆ ಹಾಡಿನ ಬಗ್ಗೆ ಲಿವಿಯ ತೀರ್ಪು ಮಾತ್ರ ಖಾರವಾಗಿದೆ: ಅಂದಿನ ಒರಟು ಜನಕ್ಕೆ ಚೆನ್ನಾಗಿತ್ತೇನೋ, ಈಗ ಹೇಳಲೂ ಆಗದಷ್ಟು ಸಪ್ಪೆ.

ವರ್ಜಿಲ್ ಕಂಡ ಸಿಟ್ಟು

ಇಷ್ಟೆಲ್ಲ ಪೂಜೆ ಪಡೆದ ದೇವಿಯನ್ನೇ ವರ್ಜಿಲ್ ತನ್ನ ಈನಿಯಡ್ ಕಾವ್ಯದಲ್ಲಿ ರೋಮ್‌ನ ವೈರಿ ಮಾಡಿದ. ಟ್ರಾಯ್ ನಗರ ಸುಟ್ಟ ಮೇಲೆ ಅಲ್ಲಿನ ವೀರ ಈನಿಯಸ್ ಹೊಸ ನೆಲ ಹುಡುಕುತ್ತ ಇಟಲಿಯ ಕಡೆ ಬರುತ್ತಿದ್ದಾನೆ. ಅವನ ವಂಶದಿಂದ ರೋಮ್ ಹುಟ್ಟಬೇಕು. ಜೂನೊಗೆ ಅವನು ತಲುಪುವುದು ಬೇಡ. ಸೌಂದರ್ಯದ ಪಂದ್ಯದಲ್ಲಿ ಟ್ರಾಯ್‌ನ ಪ್ಯಾರಿಸ್ ತನ್ನನ್ನು ಬಿಟ್ಟು ವೀನಸ್‌ಗೆ ಗೆಲುವು ಕೊಟ್ಟ ಎಂಬ ಸಿಟ್ಟು. ಟ್ರಾಯ್‌ನ ಹುಡುಗ ಗ್ಯಾನಿಮೀಡ್ ಜುಪಿಟರ್‌ನ ಬಟ್ಟಲು ತುಂಬುವವನಾದ ಎಂಬ ಸಿಟ್ಟು. ಎಲ್ಲಕ್ಕಿಂತ ಮಿಗಿಲಾಗಿ, ತನಗೆ ಇಷ್ಟವಾದ ಕಾರ್ತೇಜ್ ಅನ್ನು ಈ ಜನ ಒಂದು ದಿನ ನೆಲಸಮ ಮಾಡುತ್ತಾರೆ ಎಂಬ ಭಯ. ಕಾರ್ತೇಜ್‌ನವರ ದೇವಿ ತಾನಿತ್‌ಳನ್ನು ರೋಮನ್ನರು ಜೂನೊ ಎಂದೇ ಗುರುತಿಸುತ್ತಿದ್ದರು, ಅದರಿಂದ ಬಂದ ಮಮತೆ ಇದು.

ಕಾವ್ಯದಲ್ಲಿ ಅವಳ ಆಯುಧ ಯಾವುದು ನೋಡಿ. ಮತ್ತೆ ಮತ್ತೆ ಮದುವೆಯೇ. ಬಿರುಗಾಳಿ ಎಬ್ಬಿಸಲು ಗಾಳಿಯ ಒಡೆಯ ಈಯೊಲಸ್‌ಗೆ ಚೆಲುವೆಯೊಬ್ಬಳನ್ನು ಮದುವೆ ಮಾಡಿಸುವ ಲಂಚ. ಈನಿಯಸ್‌ನನ್ನು ಕಾರ್ತೇಜ್‌ನಲ್ಲೇ ಕಟ್ಟಿಹಾಕಲು ಅಲ್ಲಿನ ರಾಣಿ ಡೈಡೊ ಜೊತೆ ಗವಿಯೊಳಗೆ ಮದುವೆ. ಹೊರಗೆ ಮಳೆ, ಪಂಜಿನ ಬದಲು ಮಿಂಚು, ಹಾಡುವವರ ಬದಲು ಗುಡ್ಡದ ತುದಿಯಲ್ಲಿ ಊಳಿಡುವ ವನದೇವತೆಯರು. ಪ್ರೋನುಬಾ ಸ್ವತಃ ಜೂನೊ. ಎಲ್ಲ ಇದ್ದೂ ಸಾಕ್ಷಿಗಳಿಲ್ಲ, ದಿಬ್ಬಣವಿಲ್ಲ. ಡೈಡೊ ಅದನ್ನು ಮದುವೆ ಎಂದು ನಂಬಿದಳು. ಈನಿಯಸ್ 'ನಾನೆಂದೂ ಪಂಜು ಹಿಡಿದು ಮದುವೆಯಾಗಲಿಲ್ಲ' ಎಂದು ಹಡಗು ಹತ್ತಿದ. ಅವಳು ಚಿತೆಯೇರಿ ಅವನ ಕತ್ತಿಯಿಂದಲೇ ಸತ್ತಳು. ಪ್ರಾಣ ಹೋಗದೆ ಒದ್ದಾಡುವಾಗ ಕಾಮನಬಿಲ್ಲಿನ ದೇವಿ ಐರಿಸ್‌ಳನ್ನು ಕಳಿಸಿ ಬಿಡುಗಡೆ ಮಾಡಿದವಳೂ ಜೂನೊಳೇ. ಒಬ್ಬ ಹೆಣ್ಣಿನ ಬಾಳನ್ನು ಕಾಯಬೇಕಾದವಳು ತನ್ನ ಜಗಳಕ್ಕೆ ಅದನ್ನು ಬಳಸಿಕೊಂಡಳಲ್ಲ ಎಂಬ ಕಹಿ ಆ ಸರ್ಗ ಓದಿದ ಮೇಲೂ ಉಳಿಯುತ್ತದೆ.

ಕೊನೆಯ ಸರ್ಗದಲ್ಲಿ ಗಂಡಹೆಂಡಿರ ನಡುವೆ ಮಾತುಕತೆ. ಸಾಕು ನಿಲ್ಲಿಸು ಎನ್ನುತ್ತಾನೆ ಜುಪಿಟರ್. ಜೂನೊ ಸೋಲು ಒಪ್ಪುತ್ತಾಳೆ, ಆದರೆ ಬರಿಗೈಯಲ್ಲಿ ಅಲ್ಲ. ಟ್ರಾಯ್‌ನವರು ಲ್ಯಾಟಿನ್ ರಾಜಕುಮಾರಿಯನ್ನು ಮದುವೆಯಾಗಿ ಇಲ್ಲೇ ನೆಲೆಸಲಿ. ಆದರೆ ಲ್ಯಾಟಿನರು ತಮ್ಮ ಹೆಸರು, ತಮ್ಮ ಮಾತು, ತಮ್ಮ ಉಡುಪು ಬಿಡಬಾರದು. ಟ್ರಾಯ್ ಸತ್ತಿದೆ, ಅದರ ಹೆಸರೂ ಸಾಯಲಿ. ಜುಪಿಟರ್ ನಕ್ಕು ಒಪ್ಪುತ್ತಾನೆ. ನಿನ್ನನ್ನು ಈ ಜನರಷ್ಟು ಭಕ್ತಿಯಿಂದ ಬೇರೆ ಯಾರೂ ಪೂಜಿಸುವುದಿಲ್ಲ ಎಂದು ಮಾತು ಕೊಡುತ್ತಾನೆ. ಗೆದ್ದ ಗಂಡಿನ ಮನೆಯವರು ಸೋತ ಹೆಣ್ಣಿನ ಮನೆಯವರ ಭಾಷೆ ಕಲಿಯಬೇಕಾಯಿತು. ಲ್ಯಾಟಿನ್ ಉಳಿದದ್ದು ಜೂನೊಳ ಚೌಕಾಸಿಯಿಂದ ಎಂಬುದು ವರ್ಜಿಲ್‌ನ ಕಲ್ಪನೆ.

ಜುಪಿಟರ್ ಕೊಟ್ಟ ಮಾತು ಕ್ರಿ.ಶ. 392ರ ಹೊತ್ತಿಗೆ ಮುಗಿಯಿತು. ಆ ವರ್ಷ ಚಕ್ರವರ್ತಿ ಥಿಯೊಡೋಸಿಯಸ್ ಹಳೆಯ ದೇವರುಗಳ ಪೂಜೆಯನ್ನು ಮನೆಯೊಳಗೂ ಮಾಡಕೂಡದು ಎಂದು ಆಜ್ಞೆ ಹೊರಡಿಸಿದ. ಜೀನಿಯಸ್‌ಗೆ ದ್ರಾಕ್ಷಾರಸ ಎರೆಯುವುದನ್ನೂ ಅದು ಹೆಸರಿಸಿ ನಿಷೇಧಿಸಿತು. ಅವೆಂಟೈನ್ ಮೇಲೆ, ರೆಜೀನಾಳ ಗುಡಿ ಇದ್ದ ಆಸುಪಾಸಿನಲ್ಲಿ, ಐದನೇ ಶತಮಾನದಲ್ಲಿ ಕಟ್ಟಿದ ಸಾಂತಾ ಸಬೀನಾ ಚರ್ಚ್ ಈಗಲೂ ಇದೆ. ಅದರೊಳಗಿನ ಹಳೆಯ ಅಮೃತಶಿಲೆಯ ಕಂಬಗಳು ಜೂನೊಳ ಗುಡಿಯವು ಎಂದು ಅಲ್ಲಿನವರು ಹೇಳುತ್ತಾರೆ.